ಸಿಡುಕಮ್ಮನಿಗೆ ಓ ಅಂದವರು ಯಾರು

ನಮ್ಮೂರಿನ ಹಬೆ ಕಾರ್ಖಾನೆಯ ಸಾಮಾನುಗಳು ಒಂದು ಕಡೆ ನಿಲ್ಲುವುದಿಲ್ಲ. ನೀರಿನ ಮೀಟರು ಇವತ್ತು ಮಡಕೆ ಕೇರಿಯ ಯಾರದೋ ಅಡುಗೆಮನೆಯಲ್ಲಿದ್ದರೆ ನಾಳೆ ಸೊಸೈಟಿ ಅಂಗಡಿಯ ಸಕ್ಕರೆ ಮೂಟೆಯ ಪಕ್ಕ ಕೂತಿರುತ್ತದೆ. ಅದು ಹೋಗುವುದನ್ನು ಯಾರೂ ಕಂಡಿಲ್ಲ, ಬರುವುದನ್ನೂ ಕಂಡಿಲ್ಲ, ಬಂದು ಕೂತಿರುವುದನ್ನಷ್ಟೇ ಕಾಣುತ್ತೇವೆ. ಎಲ್ಲಿ ಕೂತರೂ ಕೆಲಸ ಮಾತ್ರ ಬಿಡುವುದಿಲ್ಲ. ಸಕ್ಕರೆ ಮೂಟೆಯ ಪಕ್ಕ ಕೂತುಕೊಂಡೇ ಕಾರ್ಖಾನೆಯ ಕೊಳವೆಯೊಳಗಿನ ನೀರನ್ನು ಅಳೆಯುತ್ತದೆ. ಯಾವುದೋ ಮದುವೆ ಮನೆಯಲ್ಲಿ ಮಕ್ಕಳು ಆಟಕ್ಕೆಂದು ಒಂದು ವಾಲ್ವಿನ ಚಕ್ರ ತಿರುಗಿಸಿದರೆ ಇತ್ತ ಅರ್ಧ ಊರಿನ ಅಡುಗೆಮನೆಗಳಿಗೆ ಹಬೆ ನಿಂತು ಇಡ್ಲಿ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ. ಹಾಗಾಗಿ ಅವು ಬಂದರೆ ಜಾಗ ಬಿಡಬೇಕು, ಕೈ ಹಚ್ಚಬಾರದು ಎಂಬುದನ್ನು ಚಪ್ಪಲಿ ಹೊರಗೆ ಬಿಡುವುದನ್ನು ಕಲಿಸುವಾಗಲೇ ಮಕ್ಕಳಿಗೆ ಕಲಿಸುತ್ತಾರೆ.

ನನ್ನ ಹೆಸರು ಹೊನ್ನೂರಮ್ಮ. ಕಾರ್ಖಾನೆಯಲ್ಲಿ ನನ್ನ ಕೆಲಸ ಕೂಗುವುದು. ನಗಬೇಡಿ, ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇಲ್ಲ. ಕಾರ್ಖಾನೆಯ ಕೋಣೆಯಲ್ಲಿ ಒಂದು ಪರದೆ ಇದೆ. ಸಾಮಾನುಗಳೆಲ್ಲ ಒಂದೇ ಜಾಲಕ್ಕೆ ಸೇರಿದವು, ಪರದೆಯ ಮೇಲೆ ಒಂದೊಂದಕ್ಕೂ ಒಂದು ಚುಕ್ಕೆ. ಚುಕ್ಕೆ ಹಸಿರಾಗಿದ್ದರೆ ಆ ಸಾಮಾನು ಬದುಕಿದೆ, ಕೆಲಸದಲ್ಲಿದೆ ಅಂತ. ಆದರೆ ಎಲ್ಲಿದೆ ಅಂತ ಆ ಚುಕ್ಕೆ ಬಾಯಿ ಬಿಡುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ನಾನು ಮೈಕಿನ ಮುಂದೆ ನಿಂತು, ಬೀದಿ ಬೀದಿಯನ್ನೂ ಕರೆದು, ಒಂದೊಂದರ ಹೆಸರು ಹಿಡಿದು ಕೂಗುತ್ತೇನೆ. ಯಾರ ಮನೆಯಲ್ಲಿದೆಯೋ ಅವರು ಕಣ್ಣಾರೆ ನೋಡಿ, ಓಣಿಯ ಕಂಬಕ್ಕೆ ಹಾಕಿರುವ ಫೋನು ಎತ್ತಿ, "ಓ" ಅನ್ನಬೇಕು. ಎಲ್ಲಕ್ಕೂ ಓ ಬಂದ ಮೇಲೆಯೇ ಒಲೆಗೆ ಬೆಂಕಿ. ಹೆಸರುಗಳೂ ನಮ್ಮವೇ. ಒತ್ತಡ ತೋರಿಸುವ ಗಡಿಯಾರದಂಥ ಮುಳ್ಳಿನ ಮೀಟರು ಕಣ್ಣಪ್ಪ, ನೀರು ಬಿಡುವ ಕುಳ್ಳ ವಾಲ್ವು ಗಿಡ್ಡಪ್ಪ, ಬಾಯ್ಲರಿನ ಹಬೆ ಮಿತಿ ಮೀರಿದರೆ ತಾನಾಗಿ ಬಾಯಿ ತೆರೆದು ಬುಸ್ಸೆಂದು ಊದಿ ಎಲ್ಲರನ್ನೂ ಉಳಿಸುವ ವಾಲ್ವು ಸಿಡುಕಮ್ಮ. ಹೆಸರಿಗೆ ತಕ್ಕ ಹೆಂಗಸು, ಒಂದು ಗುಂಜಿ ಹೆಚ್ಚಾದರೂ ಸಹಿಸುತ್ತಿರಲಿಲ್ಲ.

ನಾನು ಹೇಳಹೊರಟಿದ್ದು ದಿಣ್ಣೆ ಕೇರಿಗೆ ಹಬೆ ಹೋದ ದಿನದ ಕಥೆ. ಊರಿನ ಎಲ್ಲ ಬೀದಿಗೂ ಕೊಳವೆ ಹೋಗಿ ಯಾವ ಕಾಲವಾಯಿತೋ, ಮೇಲಿನ ದಿಣ್ಣೆ ಕೇರಿಯೊಂದು ಮಾತ್ರ ಸೌದೆ ಒಲೆಯಲ್ಲೇ ಉಳಿದಿತ್ತು. ಅಷ್ಟು ಏರಿಗೆ ಹಳೆಯ ಬಾಯ್ಲರಿನ ಉಸಿರು ಸಾಲುತ್ತಿರಲಿಲ್ಲ. ನಾನು ಹುಟ್ಟಿದ್ದು ಅದೇ ಕೇರಿಯಲ್ಲಿ. ನಮ್ಮವ್ವ ಇನ್ನೂ ಅಲ್ಲೇ ಇದ್ದಳು. ಹೊಗೆ ಕುಡಿದು ಕುಡಿದು ಆಕೆಯ ಎದೆ ಕಮ್ಮಾರನ ಹಳೇ ತಿದಿಯಂತಾಗಿತ್ತು. ಒಂದು ಮಾತಾಡಿದರೆ ಎರಡು ಸಲ ಕೆಮ್ಮುತ್ತಿದ್ದಳು. ಕೆಳಗೆ ನನ್ನ ಮನೆಗೆ ಬಾ ಅಂದರೆ ಬರುವವಳಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ವರ್ಷ ಇದೇ ಹೊಗೆಯಲ್ಲಿದ್ದರೆ ಕಷ್ಟ ಎಂದಿದ್ದರು. ಅಂಥ ಹೊತ್ತಿನಲ್ಲಿ ಹೊಸ ಬಾಯ್ಲರು ಬಂತು, ದಿಣ್ಣೆಗೆ ಕೊಳವೆ ಹತ್ತಿತು. ನನಗೆ ರೆಕ್ಕೆ ಬಂದಂತಾಗಿತ್ತು.

ಉಳಿದಿದ್ದು ಒಂದೇ ಗಂಡಾಂತರ. ಸರ್ಕಾರದ ಇನ್‌ಸ್ಪೆಕ್ಟರು ಬಂದು ಪ್ರತಿ ಸಾಮಾನನ್ನೂ ಅದಿರುವ ಜಾಗಕ್ಕೇ ಹೋಗಿ ನೋಡಿ, ಸರಿ ಎಂದರೆ ಮಾತ್ರ ಹೊಸ ಕೊಳವೆ ತೆರೆಯಬೇಕು. ಆತ ವರ್ಷಕ್ಕೊಂದು ಸಲ ಬರುವವನು, ಸಂಜೆಯ ಬಸ್ಸಿಗೆ ಹೊರಟುಬಿಡುವವನು. ಆ ಸಲ ಬಂದವರು ವಾಮನರಾಯರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಕೊಡೆ, ನಕ್ಕರೆ ಮೀಸೆಗೆ ನೋವಾದೀತು ಎಂಬ ಎಚ್ಚರಿಕೆ. ಆದರೆ ಸುಳ್ಳು ಹೇಳಬಾರದು, ನಮ್ಮೂರಿನ ಸಾಮಾನುಗಳು ತಿರುಗುತ್ತವೆ ಎಂದಾಗ ಅವರು ಹುಬ್ಬೇರಿಸಲಿಲ್ಲ. ಎಲ್ಲಿವೆಯೋ ಅಲ್ಲಿಗೇ ಹೋಗೋಣ, ನಡೀರಿ ಎಂದರು.

ಬೆಳಿಗ್ಗೆ ನಾನು ಕೂಗಿದೆ, ಎಲ್ಲಕ್ಕೂ ಓ ಬಂತು, ಬಾಯ್ಲರಿನ ಮೇಸ್ತ್ರಿ ಕರಿಬಸಣ್ಣ ಹೊಸ ಒಲೆಗೆ ಬೆಂಕಿ ಹಾಕಿದ. ರಾಯರು ಕೊಡೆ ಬಿಚ್ಚಿಕೊಂಡು ಹೊರಟರು, ಹಿಂದೆ ನಾನು, ನನ್ನ ಹಿಂದೆ ಕೆಲಸವಿಲ್ಲದವರೆಲ್ಲ. ಕಣ್ಣಪ್ಪ ಕಾರ್ಖಾನೆಯ ಎದುರಿಗೇ ಟೈಲರ್ ದಾವಲ್‌ಸಾಬರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ. ದಾವಲ್‌ಸಾಬರು ಅವನಿಗೆ ಅಡ್ಡಬರದಂತೆ ಷರಟಿನ ಬಟ್ಟೆಯನ್ನು ಸೊಟ್ಟಗೆ ಹಾಸಿ ಕತ್ತರಿಸುತ್ತಿದ್ದರು. ಗಿಡ್ಡಪ್ಪ ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದರಿಂದ ಊರಿನ ಗಂಡಸರು ನಿಂತೇ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಒಂದೊಂದನ್ನೂ ನೋಡಿ ರಾಯರು ಸರಿ, ಸರಿ ಎನ್ನುತ್ತ ಹೋದಂತೆ ನನ್ನ ಎದೆ ಕುಣಿಯುತ್ತಿತ್ತು. ದಿಣ್ಣೆಯ ಮೇಲೆ ಅವ್ವ ಇಡ್ಲಿ ಹಿಟ್ಟು ರುಬ್ಬಿಟ್ಟು ಕಾಯುತ್ತಿದ್ದಾಳೆಂದು ಕಂಡಕಂಡವರಿಗೆಲ್ಲ ಹೇಳಿದೆ. ಕೊನೆಗೆ ಉಳಿದವಳು ಸಿಡುಕಮ್ಮ. ಬೆಳಿಗ್ಗೆ ಅವಳಿಗೆ ಓ ಅಂದದ್ದು ಗಾಣದ ಬೀದಿಯ ಮರುಳಮ್ಮ.

ಮರುಳಮ್ಮನ ಮನೆಯಲ್ಲಿ ಸಿಡುಕಮ್ಮ ಇರಲಿಲ್ಲ. ಆಕೆಗೆ ಅದರಿಂದ ಒಂದಿಷ್ಟೂ ಗಾಬರಿಯಾಗಲಿಲ್ಲ. ಸಿಡುಕಮ್ಮ ಇರುವುದು ಪಕ್ಕದ ಖತೀಜಾಬಿ ಮನೆಯಲ್ಲಿ, ಖತೀಜಾಬಿ ಮಗಳ ಬಾಣಂತನಕ್ಕೆ ಹೋಗಿದ್ದಾಳೆ, ಅದಕ್ಕೆ ಅವಳ ಪರವಾಗಿ ತಾನು ಓ ಅಂದೆ ಎಂದಳು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ನೆರೆಯವರು ಮನೆಯಲ್ಲಿಲ್ಲದಾಗ ಅವರ ಸಾಮಾನಿಗೆ ಓ ಅನ್ನದೆ ಸುಮ್ಮನಿರುವುದು ನಮ್ಮಲ್ಲಿ ಮಹಾ ಬಿಗುಮಾನ. ಹಾಗೆ ಸುಮ್ಮನಿದ್ದವರ ಮನೆಗೆ ಹಬ್ಬದ ಹೋಳಿಗೆ ಹೋಗುವುದಿಲ್ಲ. ಖತೀಜಾಬಿಯ ಬಾಗಿಲು ತೆಗೆಸಿ ನೋಡಿದರೆ ಅಲ್ಲಿಯೂ ಇಲ್ಲ. ಅವಳ ಗಂಡ ತಲೆ ಕೆರೆದುಕೊಂಡು, ಸಿಡುಕಮ್ಮ ನಮ್ಮ ಮನೆಗೆ ಬಂದೇ ಇಲ್ಲವಲ್ಲ, ಅವಳು ಸೀಗೆ ಬೀದಿಯ ಸಾಕವ್ವನ ಮನೆಯಲ್ಲಿದ್ದಳು, ಸಾಕವ್ವನಿಗೆ ಕಾಲು ಉಳುಕಿದ್ದಕ್ಕೆ ನಮ್ಮವಳು ಅವಳ ಪರವಾಗಿ ಓ ಅನ್ನುತ್ತಿದ್ದಳು ಎಂದ. ಸೀಗೆ ಬೀದಿಗೆ ಓಡಿದೆವು. ಸಾಕವ್ವ ಕಾಲು ಚಾಚಿಕೊಂಡು ಕೂತಿದ್ದವಳು ನಮ್ಮನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಸಿಡುಕಮ್ಮ ಅವಳ ಮನೆ ಬಿಟ್ಟು ತಿಂಗಳ ಮೇಲಾಗಿತ್ತು. ಓ ಕೇಳಿಸುತ್ತಲೇ ಇತ್ತಲ್ಲ, ಯಾರ ಮನೆಯಲ್ಲೋ ಸುಖವಾಗಿದ್ದಾಳೆ ಅಂದುಕೊಂಡೆ ಎಂದಳು.

ರಾಯರು ಕೊಡೆ ಮಡಚಿದರು. ಒಂದು ತಿಂಗಳಿನಿಂದ ಈ ಊರಿನಲ್ಲಿ ಯಾರೂ ಕಣ್ಣಿನಿಂದ ನೋಡಿರದ ವಾಲ್ವು ಅದು. ಪರದೆಯ ಮೇಲೆ ಚುಕ್ಕೆ ಹಸಿರು, ಬೆಳಿಗ್ಗೆ ಬೆಳಿಗ್ಗೆ ಓ, ಆದರೆ ವಾಲ್ವು ಎಲ್ಲಿ? ಬಾಯ್ಲರಿನಲ್ಲಿ ಆಗಲೇ ಹಬೆ ಏರುತ್ತಿತ್ತು. ಈ ಒಂದು ತಿಂಗಳು ಹಳೇ ಬಾಯ್ಲರು ಅವಳಿಗೆ ಕೋಪ ಬರುವ ಮಟ್ಟಕ್ಕೆ ಏರಿರಲಿಲ್ಲ, ಇದು ಏರುತ್ತದೆ. ಅವಳ ಮೇಲೆ ಯಾರಾದರೂ ತಿಳಿಯದೆ ಏನಾದರೂ ಹೇರಿದ್ದರೆ, ಅವಳು ಬಾಯಿ ತೆರೆಯಲಾಗದಿದ್ದರೆ, ಕರಿಬಸಣ್ಣನ ಸಮೇತ ಕಾರ್ಖಾನೆ ಎದ್ದುಹೋಗುತ್ತದೆ. ಕಾರ್ಖಾನೆಗೆ ಮರಳಿದ ಕೂಡಲೇ, ಒಲೆಯಿಂದ ಬೆಂಕಿ ಎಳೆದು ಆರಿಸಿಬಿಡಿ ಎಂದರು ರಾಯರು. ಅರ್ಧಕ್ಕೆ ಎಳೆದರೆ ಆ ಬಾಯ್ಲರು ಪೂರ್ತಿ ತಣ್ಣಗಾದ ಮೇಲೆಯೇ ಮತ್ತೆ ಬೆಂಕಿ ಹಾಕಬೇಕು, ಅದಕ್ಕೆ ಎರಡು ದಿನ ಬೇಕು. ರಾಯರ ಬಸ್ಸು ಸಂಜೆಗೆ. ಅಂದರೆ ದಿಣ್ಣೆ ಕೇರಿಗೆ ಹಬೆ ಇನ್ನು ಬರುವ ವರ್ಷವೇ. ಅವ್ವನಿಗೆ ಇನ್ನೊಂದು ವರ್ಷದ ಹೊಗೆ.

ನಾನು ಯೋಚನೆ ಮಾಡಿ ಮಾತಾಡುವವಳಲ್ಲ, ಮಾತಾಡಿದ ಮೇಲೆ ಯೋಚನೆ ಮಾಡುವವಳು. ಕಾರ್ಖಾನೆಯ ಬಾಗಿಲಿಗೆ ಅಡ್ಡ ನಿಂತೆ.

"ಸ್ವಾಮೀ, ನಾವು ಅವಳನ್ನ ಹುಡುಕೋದು ಬ್ಯಾಡ. ಅವಳೇ ಕೂಗಲಿ," ಎಂದೆ. "ಬೆಂಕಿ ಎಳೀಬ್ಯಾಡ್ರಿ, ಏರಿಸ್ರಿ. ಅವಳಿಗೆ ಸಿಟ್ಟು ಬರೋ ತನಕ ಏರಿಸ್ರಿ. ಎಲ್ಲಿದ್ರೂ ಬುಸ್ ಅಂತಾಳೆ. ಊರೆಲ್ಲ ಕಿವಿ ಕೊಟ್ಟು ನಿಂತಿರ್ತೀವಿ."

ರಾಯರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ಕೂಗದಿದ್ದರೆ ಎಂದು ಕೇಳಿದರು. ಉತ್ತರ ಕೊಟ್ಟವನು ಒಲೆಯ ಮುಂದಿನಿಂದ ಬೆವರು ಒರೆಸಿಕೊಳ್ಳುತ್ತ ಬಂದ ಕರಿಬಸಣ್ಣ. ಒಲೆಯ ಮುಂದೆ ನಿಲ್ಲುವವನು ತಾನು, ನಿಲ್ಲುತ್ತೇನೆ, ಕಣ್ಣಪ್ಪನ ಮುಳ್ಳು ಕೆಂಪು ಗೆರೆ ಮುಟ್ಟಿದ ಗಳಿಗೆಗೆ ಬೆಂಕಿ ಎಳೆದುಬಿಡುತ್ತೇನೆ, ಅಲ್ಲಿಯವರೆಗೆ ಅವಕಾಶ ಕೊಡಿ ಎಂದ. ಅವನಿಗೆ ದಿಣ್ಣೆ ಕೇರಿಯಲ್ಲಿ ನೆಂಟರಿಲ್ಲ, ಇಷ್ಟರಿಲ್ಲ. ಹೊಸ ಬಾಯ್ಲರು ಎಷ್ಟು ದಮ್ಮಿನದು ನೋಡಬೇಕು ಎಂಬ ಆಸೆ, ಅಷ್ಟೇ. ಆ ಆಸೆ ರಾಯರ ಕಣ್ಣಿನಲ್ಲೂ ಒಂದು ಚೂರು ಮಿನುಗಿದ್ದನ್ನು ನಾನು ಕಂಡೆ. ಅವರು ಪರದೆಯನ್ನು ನಂಬುವುದಿಲ್ಲವೆಂದು ಹೇಳಿ, ದಾವಲ್‌ಸಾಬರ ಅಂಗಡಿಗೆ ಹೋಗಿ ಕಣ್ಣಪ್ಪನ ಮುಖಕ್ಕೆ ಮೂಗು ಹಚ್ಚಿ ನಿಂತರು.

ನಾನು ಮೈಕು ಹಿಡಿದೆ. ಅಷ್ಟು ಹುರುಪಿನಿಂದ ನಾನು ಯಾವತ್ತೂ ಕೂಗಿರಲಿಲ್ಲ. ಸಿಡುಕಮ್ಮ ಕಾಣಿಸುತ್ತಿಲ್ಲ, ಯಾರ ಮನೆಯಲ್ಲಾದರೂ ಅವಳ ಮೇಲೆ ಗಂಟು, ಮೂಟೆ, ಬಟ್ಟೆ, ಪಾತ್ರೆ ಏನಿದ್ದರೂ ಈಗಲೇ ಇಳಿಸಿ, ದೂರ ಸರಿದು ನಿಲ್ಲಿ, ಅವಳು ಊದುತ್ತಾಳೆ, ಬಿಸಿ ತಗುಲೀತು. ಊರಿನವರೆಲ್ಲ ಹೊರಗೆ ಬಂದು ಉಸಿರು ಬಿಗಿಹಿಡಿದು ಕೇಳಿ ಎಂದೆ. ಎರಡು ಸಲ ಹೇಳಿದೆ, ಮೂರನೇ ಸಲ ಗಂಟಲು ಒಡೆಯಿತು.

ನಮ್ಮೂರು ಅಷ್ಟು ಸುಮ್ಮನಾದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ದಾವಲ್‌ಸಾಬರು ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದರು. ಗಾಣದ ಬೀದಿಯಲ್ಲಿ ಎತ್ತಿನ ಕೊರಳ ಗಂಟೆ ಬಿಚ್ಚಿದರು. ಶಾಲೆಯ ಮಕ್ಕಳು ಬಾಯಿಯ ಮೇಲೆ ಬೆರಳಿಟ್ಟುಕೊಂಡು, ನಗು ತಡೆಯಲಾಗದೆ ಕೆಂಪಗಾಗಿ ಕಾಂಪೌಂಡಿನ ಗೋಡೆ ಹತ್ತಿ ಕೂತರು. ಹೆಂಗಸರು ಮಾಳಿಗೆಗಳ ಮೇಲೆ ಕಿವಿಯ ಹಿಂದೆ ಅಂಗೈ ಹಿಡಿದು ನಿಂತರು. ಭಯವಿತ್ತೋ ಇಲ್ಲವೋ, ಆದರೆ ಎಲ್ಲರ ಮುಖವೂ ಹಬ್ಬದ ಮುಖದ ಹಾಗೆ ಬೆಳಗುತ್ತಿತ್ತು. ಮೇಲೆ ದಿಣ್ಣೆಯ ಅಂಚಿನಲ್ಲಿಯೂ ಜನ ಸಾಲಾಗಿ ನಿಂತದ್ದು ಕಂಡಿತು. ಅವರ ನಡುವೆ ಅವ್ವನ ಹಸಿರು ಸೀರೆ ಹುಡುಕಿದೆ. ಸಿಕ್ಕಲಿಲ್ಲ.

ಎದುರು ಅಂಗಡಿಯಿಂದ ರಾಯರು ಮುಳ್ಳು ಎಲ್ಲಿದೆ ಎಂದು ಕೈಸನ್ನೆಯಲ್ಲಿ ತೋರಿಸುತ್ತಿದ್ದರು. ಕೈ ಸೊಂಟದ ಮಟ್ಟಕ್ಕೆ ಬಂತು, ಎದೆಯ ಮಟ್ಟಕ್ಕೆ ಬಂತು. ಸಿಡುಕಮ್ಮ ಸಾಮಾನ್ಯವಾಗಿ ರೇಗುವ ಮಟ್ಟ ಗಲ್ಲದ ಹತ್ತಿರ ಎಂದು ಮೊದಲೇ ಮಾತಾಗಿತ್ತು. ಕೈ ಗಲ್ಲ ಮುಟ್ಟಿತು. ಊರೆಲ್ಲ ಕಿವಿಯಾಗಿ ನಿಂತಿತು. ಏನೂ ಕೇಳಿಸಲಿಲ್ಲ. ಕೈ ಗಲ್ಲ ದಾಟಿ ಮೂಗಿಗೆ ಬಂತು. ಕೆಂಪು ಗೆರೆ ಎಂದರೆ ಹಣೆ. ಒಳಗೆ ಕರಿಬಸಣ್ಣ ಬೆಂಕಿ ಎಳೆಯುವ ಕೊಕ್ಕೆ ಎತ್ತಿಕೊಂಡದ್ದು ಕಂಡಿತು. ನಾನು ಅವನನ್ನು ತಡೆಯಲಿಲ್ಲ. ನನ್ನವ್ವನ ಉಸಿರಿಗಾಗಿ ಇನ್ನೊಬ್ಬರ ಮನೆಯ ಗಂಡಸನ್ನು ಸುಡುವಷ್ಟು ದೊಡ್ಡ ಬಾಯಿ ನನ್ನದಲ್ಲ. ರಾಯರ ಕೈ ಹುಬ್ಬಿಗೆ ಬಂತು.

ಆಗ ಬಂತು ಸದ್ದು. ಮೊದಲು ಸಣ್ಣಗೆ, ಯಾರೋ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದಂತೆ. ಆಮೇಲೆ ಬುಸ್ಸೆಂದು, ತಿಂಗಳಿಡೀ ಅದುಮಿಟ್ಟ ಸಿಟ್ಟನ್ನೆಲ್ಲ ಒಂದೇ ಸಲ ಉಗುಳಿದಂತೆ. ಎಡಕ್ಕೆ ನೋಡಿದೆವು, ಬಲಕ್ಕೆ ನೋಡಿದೆವು. ಗೋಡೆಯ ಮೇಲಿನ ಮಕ್ಕಳು ಎಲ್ಲರಿಗಿಂತ ಮೊದಲು ಕೈ ಎತ್ತಿ ತೋರಿಸಿದರು. ದಿಣ್ಣೆ ಕೇರಿಯ ಕಟ್ಟಕಡೆಯ ಮನೆಯ ಹೆಂಚಿನ ಸಂದಿಗಳಿಂದ ಬೆಳ್ಳಗೆ ಹಬೆ ಏಳುತ್ತಿತ್ತು.

ಅಲ್ಲಿಯವರೆಗೆ ಒಂದು ಸಾಮಾನೂ ಆ ಏರು ಹತ್ತಿದ್ದಿಲ್ಲ. ಹತ್ತುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಆ ಕೇರಿಗೆ ಕಂಬದ ಫೋನೂ ಹಾಕಿರಲಿಲ್ಲ. ರಾಯರು ಕೊಡೆಯನ್ನು ಅಂಗಡಿಯಲ್ಲೇ ಮರೆತು ಓಡಿದರು. ನಾನು ಸೀರೆ ಎತ್ತಿ ಕಟ್ಟಿ ಅವರ ಹಿಂದೆ ಓಡಿದೆ, ನನ್ನ ಹಿಂದೆ ಅರ್ಧ ಊರು. ಮೆಟ್ಟಿಲು ಹತ್ತುವಾಗ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು, ಎರಡಕ್ಕೂ ಉಸಿರು ಸಾಲುತ್ತಿರಲಿಲ್ಲ.

ಅದು ಗಂಗಜ್ಜಿಯ ಮನೆ. ಅಜ್ಜಿ ಎದ್ದು ಓಡಾಡುವುದು ಅಪರೂಪ; ಆಕೆಯ ಮನೆಗೆ ಹೊತ್ತಿಗೆ ಊಟ ಕೊಡಲು ಹೋಗುವವರು ಹೊಸ್ತಿಲಲ್ಲೇ ಇಟ್ಟು ಬರುತ್ತಿದ್ದರು. ನಾವು ಹೋದಾಗ ಒಳಗೆಲ್ಲ ಹಬೆ ತುಂಬಿ ಏನೂ ಕಾಣುತ್ತಿರಲಿಲ್ಲ. ನಮ್ಮವ್ವ ಬಾಗಿಲಲ್ಲಿ ಅಜ್ಜಿಯನ್ನು ತಬ್ಬಿಕೊಂಡು ನಿಂತಿದ್ದಳು. ನಾನು ಮೈಕಿನಲ್ಲಿ ಕೂಗಿದ್ದು ಕೇಳಿದ ಕೂಡಲೇ ಅಜ್ಜಿ ಮಂಚದಿಂದ ಇಳಿಯಲು ಹೊರಟು ಬಿದ್ದಳಂತೆ, ಅವ್ವ ಅವಳ ಕೂಗು ಕೇಳಿ ಬಂದಳಂತೆ. ಸಿಡುಕಮ್ಮ ಮಂಚದ ಕಾಲ ಬುಡದಲ್ಲಿ, ಕೌದಿ ಹೊದ್ದು, ಕೌದಿ ಜಾರದಂತೆ ಮಂಚದ ಪಕ್ಕದ ರಾಗಿ ಚೀಲವನ್ನು ಮೇಲೆ ಒರಗಿಸಿಕೊಂಡು ಕೂತಿದ್ದಳಂತೆ. ಆ ಚೀಲವನ್ನು ಅವ್ವ ಒಬ್ಬಳೇ ಎಳೆದು ಹಾಕಿ, ಅಜ್ಜಿಯನ್ನು ಹೊರಗೆ ತರುವಷ್ಟರಲ್ಲಿ ಅವಳು ಊದಿಬಿಟ್ಟಿದ್ದಳು.

"ರಾಗಿ ಚೀಲ ಯಾಕಿಟ್ಟೆ ಅಜ್ಜಿ?" ಎಂದೆ.

"ಕಬ್ಬಿಣ ಅಲ್ಲವೇನೇ, ಚಳಿಗೆ ಸೆಟೆದಿದ್ಲು. ಹೊದಿಸಿದ್ದೆ," ಎಂದಳು ಗಂಗಜ್ಜಿ.

ಇಷ್ಟು ದಿನ ಒಂದು ಮಾತು ಹೇಳಬಾರದಾಗಿತ್ತೇ, ದಿನಾ ಬೆಳಿಗ್ಗೆ ನಾನು ಕೂಗುವುದು ಇಲ್ಲಿಗೆ ಕೇಳಿಸುತ್ತಿರಲಿಲ್ಲವೇ ಎಂದು ರಾಯರು ಕೇಳಿದರು. ಕೋಪದಿಂದಲ್ಲ, ಮೆತ್ತಗೆ ಕೇಳಿದರು. ಅಜ್ಜಿ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಕೇಳಿಸ್ತಿತ್ತಪ್ಪ. ಮಡಕೆ ಕೇರಿ ಅಂತಿದ್ಲು, ಸೀಗೆ ಬೀದಿ ಅಂತಿದ್ಲು, ಗಾಣದ ಬೀದಿ ಅಂತಿದ್ಲು. ನಮ್ಮ ಕೇರಿ ಹೆಸರು ಕರೀಲೇ ಇಲ್ಲ. ಕರೀದೆ ಹೆಂಗೆ ಓ ಅನ್ನಾದು?"

ಬೀದಿ ಬೀದಿಯ ಹೆಸರು ಹಿಡಿದು ಕೂಗುವುದು ನನ್ನದೇ ಪದ್ಧತಿ, ಆ ಬೀದಿಯವರು ಫೋನಿನ ಹತ್ತಿರ ಬರಲಿ ಅಂತ. ಫೋನಿಲ್ಲದ ಕೇರಿಯನ್ನು ಕೂಗುವುದು ಯಾರಿಗೂ ಹೊಳೆದಿರಲಿಲ್ಲ, ಅಲ್ಲಿ ಹುಟ್ಟಿದ ನನಗೂ ಹೊಳೆದಿರಲಿಲ್ಲ. ಅಜ್ಜಿಯ ಮಾತಿನಲ್ಲಿ ದೂರು ಇರಲಿಲ್ಲ. ಕರೆಯದ ಮನೆಯ ಊಟಕ್ಕೆ ಹೋಗುವುದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು.

ರಾಯರು ಹಬೆ ಇಳಿಯುವುದನ್ನು ಕಾದು, ಒಳಗೆ ಹೋಗಿ ಸಿಡುಕಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅಷ್ಟು ಒತ್ತಡದಲ್ಲಿ ಅಷ್ಟು ಚೆನ್ನಾಗಿ ಊದಿದ ವಾಲ್ವನ್ನು ತಾವು ನೋಡಿಲ್ಲ ಎಂದು ಮನಸಾರೆ ಹೇಳಿದರು, ಮೀಸೆಗೆ ನೋವಾದರೂ ನಕ್ಕರು. ಆದರೆ ಅವರು ನಿಯಮದ ಮನುಷ್ಯ. ತಾವು ಇಲ್ಲಿ ನೋಡಿದ್ದಾಯಿತು, ಇನ್ನು ಕಾರ್ಖಾನೆಯಿಂದ ಸರಿಯಾಗಿ ಜಾಗ ಹೇಳಿ ಕೂಗಬೇಕು, ಇಲ್ಲಿಂದ ಓ ಬರಬೇಕು, ಆಗ ಕೊಳವೆ ತೆರೆಯಬಹುದು ಎಂದರು. ಫೋನಿಲ್ಲವಲ್ಲ ಎಂದೆ. ಕೇಳಿಸಿದರೆ ಸಾಕು, ಫೋನಿನಲ್ಲೇ ಬರಬೇಕು ಅಂತ ಎಲ್ಲೂ ಹೇಳಿಲ್ಲ ಎಂದರು.

ಹತ್ತಿದ ಮೆಟ್ಟಿಲನ್ನೇ ಇಳಿದೆ. ಎಲ್ಲಿ ಕಾಲಿಟ್ಟೆನೋ ದೇವರಿಗೇ ಗೊತ್ತು. ಕಾರ್ಖಾನೆಯಲ್ಲಿ ಕರಿಬಸಣ್ಣ ದಿಣ್ಣೆ ಕೊಳವೆಯ ದೊಡ್ಡ ಚಕ್ರದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದ. ನಾನು ಮೈಕಿನ ಮುಂದೆ ನಿಂತೆ.

"ಸಿಡುಕಮ್ಮಾ. ದಿಣ್ಣೆ ಕೇರಿ, ಗಂಗಜ್ಜಿ ಮನೆ," ಎಂದು ಕೂಗಿದೆ.

ದಿಣ್ಣೆಯವರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು, ಮೊದಲನೇ ಸಲವಲ್ಲವೇ. ಆಮೇಲೆ ದಿಣ್ಣೆಯ ಮೇಲಿನಿಂದ ಓ ಬಂತು. ಒಬ್ಬರದಲ್ಲ, ಇಡೀ ಕೇರಿಯದು. ಗಂಡಸರು, ಹೆಂಗಸರು, ಮಕ್ಕಳು, ಬಾಯಿದ್ದವರೆಲ್ಲ ಓ ಅಂದರು. ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಓ ಇನ್ನೂ ಸಣ್ಣಗೆ ಎಳೆಯುತ್ತಿತ್ತು, ಕೊನೆಗೆ ಅದು ಕೆಮ್ಮಾಗಿ ಮುರಿಯಿತು. ಆ ಕೆಮ್ಮನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಕಣ್ಣು ಒರೆಸಿಕೊಂಡು ಕರಿಬಸಣ್ಣನ ಕಡೆ ತಿರುಗಿ, "ಬಿಡಣ್ಣ," ಎಂದೆ.